ಮೂರನೇ ನಂಬರಿನ ಭರಣಿ

ಸಂಶೋಧನೆ ಎಂದರೆ ಬಿಳಿ ಕೋಟು, ಗಾಜಿನ ನಳಿಗೆ, ದಪ್ಪ ಕನ್ನಡಕ ಎಂದು ನಾನು ನಂಬಿದ್ದೆ. ನಮ್ಮ ಅಡುಗೆಮನೆಯ ಕತ್ತಲೆ ಮೂಲೆಯೂ ಅದಕ್ಕೆ ಸಾಕಾಗುತ್ತದೆ ಎಂದು ತಿಳಿದದ್ದು ಕಳೆದ ವರ್ಷದ ಹಲಸಿನ ಕಾಲದಲ್ಲಿ, ನನ್ನ ನಾದಿನಿಯ ಮಗಳು ಶ್ರುತಿ ಮನೆಗೆ ಬಂದಾಗ. ಅವಳು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ವಿಷಯ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯಲ್ಲಿ ತಾವಾಗಿಯೇ ಹುಟ್ಟುವ ಸೂಕ್ಷ್ಮಜೀವಿಗಳು.

"ಅದರಲ್ಲಿ ರಿಸರ್ಚ್ ಮಾಡ್ಲಿಕ್ಕೆ ಎಂತ ಉಂಟು? ನಾನು ಮೂವತ್ತು ವರ್ಷದಿಂದ ಹಾಕ್ತಾ ಇದ್ದೇನೆ," ಎಂದೆ.

"ಅದಕ್ಕೇ ನಿಮ್ಮ ಹತ್ರ ಬಂದದ್ದು ಅತ್ತೆ."

ಈ ಒಂದು ಮಾತಿಗೆ ನಾನು ಕರಗಿಹೋದೆ. ಇಬ್ಬರೂ ಕೂತು ಸೊಳೆ ಬಿಡಿಸಿ, ಉಪ್ಪು ಬೆರೆಸಿ, ಅವಳಿಗಳಂತಿದ್ದ ನನ್ನ ಎರಡು ಭರಣಿಗಳಿಗೆ ತುಂಬಿದೆವು. ಒಂದು ನಮ್ಮದು, ಮಳೆಗಾಲ ಕಳೆದ ಮೇಲೆ ತೆಗೆಯಲಿಕ್ಕೆ. ಇನ್ನೊಂದು ಅವಳದ್ದು. ಅದರ ಮೇಲೆ '೩' ಎಂದು ಬರೆದ ಚೀಟಿ ಅಂಟಿಸಿದಳು. ಒಂದನೆಯದು ಅಗಲ್ಪಾಡಿಯಲ್ಲಿ ಅವಳ ದೊಡ್ಡಮ್ಮನ ಮನೆಯಲ್ಲಿ, ಎರಡನೆಯದು ಕುಂಬ್ಡಾಜೆಯಲ್ಲಿ ಚಿಕ್ಕಮ್ಮನ ಮನೆಯಲ್ಲಿ ಆಗಲೇ ಕೂತಿದ್ದವು.

"ನಾಲ್ಕು ತಿಂಗಳು ಅತ್ತೆ. ಮುಚ್ಚಳ ತೆಗೀಬೇಡಿ. ಎಂತದೂ ಹಾಕಬೇಡಿ, ಎಂತದೂ ತೆಗೀಬೇಡಿ. ಇದು ಹಾಳಾದ್ರೆ ನನ್ನ ಒಂದು ವರ್ಷ ಹೋಯ್ತು."

"ನನಗೆ ಹೇಳಬೇಕಾ ಮಗಾ?"

ಹೇಳಬೇಕಿತ್ತು. ಇನ್ನೂ ನಾಲ್ಕು ಸಲ ಹೇಳಬೇಕಿತ್ತು!

ಐದನೇ ವಾರ ನಮ್ಮ ಭರಣಿಯ ಮುಚ್ಚಳ ತೆಗೆದು ನೋಡಿದೆ. ನೀರಿನ ಮೇಲೆ ತೆಳ್ಳಗೆ ಬಿಳಿ ಪೊರೆ. ಎಂದಿನಂತೆ ಚಮಚದಲ್ಲಿ ತೆಗೆದು, ಒಂದು ಚಿಟಿಕೆ ಉಪ್ಪು ಉದುರಿಸಿ ಮುಚ್ಚಿದೆ. ಆಗ ಪಕ್ಕದ ಮೂರನೇ ನಂಬರು ನನ್ನನ್ನೇ ನೋಡಿದಂತಾಯಿತು. ಇದರಲ್ಲಿ ಬಂದಿದ್ದರೆ ಅದರಲ್ಲೂ ಬಂದಿರಬೇಕಲ್ಲ? ಬರೀ ನೋಡುವುದಷ್ಟೇ ಎಂದು ತೆರೆದೆ.

ಮಳೆಗಾಲದಲ್ಲಿ ಮೂಲೆಗೆ ಬಿದ್ದ ಚರ್ಮದ ಚಪ್ಪಲಿಯ ಮೇಲೆ ಬರುತ್ತದಲ್ಲ, ಹಾಗೆ ತುಂಬ ಬೂಸ್ಟು!

ನಾಳೆ ವಿಶ್ವವಿದ್ಯಾಲಯದ ದೊಡ್ಡ ದೊಡ್ಡ ಸಾರ್‌ಗಳು ಇದನ್ನು ನೋಡಿ, "ಯಾರ ಮನೆಯ ಭರಣಿ ಇದು?" ಎಂದು ಕೇಳಿದರೆ ಆ ಮಗು ಯಾರ ಹೆಸರು ಹೇಳಬೇಕು? ಕೈ ತಾನಾಗಿಯೇ ಚಮಚ ಹಿಡಿಯಿತು. ಪೊರೆ ತೆಗೆದೆ. ಒಂದು ಮುಷ್ಟಿ ಉಪ್ಪು ಹಾಕಿದೆ. ವಿಜ್ಞಾನಕ್ಕೆ ನನ್ನದೂ ಒಂದು ಕಿರುಸೇವೆ ಸಂದಿತು ಎಂದು ಸಮಾಧಾನಪಟ್ಟೆ.

ಮುಂದಿನ ವಾರ ಪೊರೆ ಮತ್ತೆ ಬಂತು. ನಾನು ಮತ್ತೆ ಮುಷ್ಟಿ ತುಂಬಿದೆ. ಅದೂ ಬಿಡಲಿಲ್ಲ, ನಾನೂ ಬಿಡಲಿಲ್ಲ. ಕೊನೆಗೆ ಗೆದ್ದವಳು ನಾನು!

ನಾಲ್ಕು ತಿಂಗಳು ತುಂಬಿದಾಗ, ಇಬ್ಬರು ಗೆಳತಿಯರೊಂದಿಗೆ ನಾಳೆ ಬರುತ್ತೇನೆಂದು ಶ್ರುತಿ ಫೋನ್ ಮಾಡಿದಳು. ಬರುವವರೆಲ್ಲ ಸಂಶೋಧಕರು. ಎರಡೂ ಭರಣಿಗಳನ್ನು ಅಂಗಳಕ್ಕೆ ಹೊತ್ತು ತಂದು ಹೊರಮೈಗೆ ಸೋಪು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದೆ. ಫಳಫಳ ಹೊಳೆದವು. ತೃಪ್ತಿಯಿಂದ ಸೊಂಟ ನೆಟ್ಟಗೆ ಮಾಡಿದಾಗ ಕಂಡದ್ದು, ಚರಂಡಿಯಲ್ಲಿ ತೇಲಿಹೋಗುತ್ತಿದ್ದ ಚೀಟಿ.

ಮುಚ್ಚಳ ತೆಗೆದು ನೋಡಿದೆ. ಎರಡೂ ತಿಳಿ, ಎರಡೂ ಒಂದೇ. ನನ್ನ ಶುಚಿತ್ವ ಅಷ್ಟು ಪರಿಪೂರ್ಣ! ಬೆರಳು ಅದ್ದಿ ನೆಕ್ಕಿದ್ದರೆ ತಿಳಿಯುತ್ತಿತ್ತು. ಆದರೆ ವಿಶ್ವವಿದ್ಯಾಲಯದ ಜೀವಾಣುಗಳಿಗೆ ಹೆದರಿ ನೆಕ್ಕಲಿಲ್ಲ. ಅವಳದ್ದು ಎಡಗಡೆ ಇದ್ದದ್ದು ಹೌದು. ಆದರೆ ಗೋಡೆಗೆ ಮುಖ ಮಾಡಿದರೆ ಎಡವೋ, ಬಾಗಿಲಿಗೆ ಮುಖ ಮಾಡಿದರೆ ಎಡವೋ? ಹೊಸ ಚೀಟಿಯ ಮೇಲೆ ಅಂದವಾಗಿ '೩' ಬರೆದು, ಅನ್ನದ ಅಗುಳಿನಿಂದ ಒಂದಕ್ಕೆ ಅಂಟಿಸಿದೆ. ಇದು ಸುಳ್ಳಲ್ಲ, ಅಂದಾಜು.

ಮರುದಿನ ಮೂವರೂ ಬಂದರು. ಫಾತಿಮ, ದುಡಿಯಲು ಗಲ್ಫಿಗೆ ಹೋದವರು ಊರಿಗೆ ಬರೆದ ಹಳೆಯ ಪತ್ರಗಳನ್ನು ಕಲೆಹಾಕುತ್ತಾಳೆ. ಜಿಷ ಕಪ್ಪೆಗಳ ಕೂಗನ್ನು ರೆಕಾರ್ಡ್ ಮಾಡುತ್ತಾಳೆ. "ಕಪ್ಪೆ ಕೂಗುವುದಕ್ಕೂ ಪಿಎಚ್‌ಡಿ ಉಂಟಾ?" ಎಂದು ತುಟಿಯವರೆಗೆ ಬಂದದ್ದನ್ನು ನುಂಗಿಕೊಂಡೆ.

ಶ್ರುತಿ ಕೈಗವಸು ಹಾಕಿ, ಚೀಟಿಯಿದ್ದ ಭರಣಿ ತೆರೆದಳು. ಹುಬ್ಬು ಗಂಟಾಯಿತು.

"ಅತ್ತೆ, ಇದರಲ್ಲಿ ಬಿಳಿ ಪೊರೆ ಬರಲೇ ಇಲ್ವಾ?"

"ನಮ್ಮ ಮನೆಯಲ್ಲಿ ಅಂಥದ್ದೆಲ್ಲ ಇಲ್ಲಮ್ಮ," ಎಂದೆ ಹೆಮ್ಮೆಯಿಂದ.

"ಛೆ! ನನಗೆ ಬೇಕಾದದ್ದೇ ಅದು. ನನ್ನ ಸಬ್ಜೆಕ್ಟೇ ಆ ಪೊರೆ ಅಲ್ವಾ?"

ರೊಟ್ಟಿ ಸೀದೀತು ಎಂದು ಹೇಳಿ ಒಳಗೆ ಓಡಿದೆ. ಇನ್ನೊಂದು ಭರಣಿಯ ಸೊಳೆಯನ್ನು ಬೆಳಗ್ಗೆಯೇ ನೀರಿನಲ್ಲಿ ನೆನೆಸಿ, ಹಿಂಡಿ, ಅರೆದು ರೊಟ್ಟಿಗೆ ಸಿದ್ಧ ಮಾಡಿದ್ದೆ. ಎಲ್ಲರಿಗೂ ಬಡಿಸಿದೆ.

ಮೊದಲ ತುತ್ತು ಬಾಯಿಗಿಟ್ಟವರು ನಮ್ಮವರು, ಶ್ರುತಿಯ ಮಾವ. ಕಣ್ಣು ಮುಚ್ಚಿದರು. ಒಂದು ಚೆಂಬು ನೀರು ಕುಡಿದು ಕೇಳಿದರು: "ಇದು ಸೊಳೆಯಾ ಮಾರಾಯ್ತಿ, ಸಮುದ್ರವಾ?"

ಜಿಷ ಎರಡನೇ ಲೋಟಕ್ಕೆ ಕೈ ಚಾಚಿದಳು. ಆಗ ನನಗೆ ಹೊಳೆಯಿತು. ನೆನೆಸಿದರೂ ಬಿಡದಷ್ಟು ಉಪ್ಪು ಇದ್ದದ್ದು ಒಂದೇ ಭರಣಿಯಲ್ಲಿ. ಮುಷ್ಟಿ ಮುಷ್ಟಿ ಹಾಕಿದ್ದು ಒಂದಕ್ಕೇ!

ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಮುಖ್ಯವಾಗಿ ಎರಡು ಪಾಠ ಕಲಿಸಿದ್ದರು. ಶುಚಿಯಾಗಿರಬೇಕು, ಸತ್ಯ ಹೇಳಬೇಕು. ಇವೆರಡೂ ಒಂದು ದಿನ ಊಟದ ಮೇಜಿನಲ್ಲಿ ಜಗಳಕ್ಕೆ ನಿಲ್ಲುತ್ತವೆ ಎಂದು ಮಾತ್ರ ಹೇಳಿರಲಿಲ್ಲ.

"ಮಗಾ," ಎಂದೆ, "ನೀನು ತಿನ್ನುತ್ತಾ ಇರುವುದು ನಿನ್ನ ರಿಸರ್ಚ್."

ಎಲ್ಲವನ್ನೂ ಹೇಳಿದೆ. ಶ್ರುತಿಯ ಕೈಯ ತುತ್ತು ಅಲ್ಲೇ ನಿಂತಿತು. ಕಣ್ಣು ತುಂಬಿತು. ಆ ಮಗು ನನ್ನನ್ನು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳು ಬೈಯಲಿಲ್ಲ. ಎಡಗೈಯಲ್ಲಿ ಫೋನ್ ಎತ್ತಿ ಅಗಲ್ಪಾಡಿಗೆ ಕರೆ ಮಾಡಿದಳು.

"ದೊಡ್ಡಮ್ಮಾ, ನನ್ನ ಭರಣಿ ಹೇಗುಂಟು?"

"ಹೆದರಬೇಡ ಮಗಾ, ವಾರ ವಾರ ಚೊಕ್ಕ ಮಾಡಿ ಇಟ್ಟಿದ್ದೇನೆ!"

ಕುಂಬ್ಡಾಜೆಯ ಚಿಕ್ಕಮ್ಮ ಇನ್ನೂ ಮುಂದೆ ಹೋಗಿದ್ದರು. "ಏನೋ ಬಿಳಿ ಬಿಳಿ ಬಂತು ಮಾರಾಯ್ತಿ. ನಿಮ್ಮ ಸಾರ್ ನೋಡಿದ್ರೆ ನಾಚಿಕೆ ಅಲ್ವಾ? ಹಳೇ ನೀರು ಚೆಲ್ಲಿ ಹೊಸ ಉಪ್ಪುನೀರು ಹಾಕಿದೆ."

ಶ್ರುತಿ ಫೋನನ್ನು ಮೇಜಿನ ಮೇಲೆ ಕವುಚಿಟ್ಟಳು. ಫಾತಿಮ ಮೆಲ್ಲಗೆ ಹೇಳಿದಳು: "ನನ್ನ ಕಥೆಯೂ ಇದೇ ಆಂಟಿ. ಪತ್ರ ಕೊಟ್ಟವರು, ಗಂಡ ಹೆಂಡತಿ ಜಗಳ ಮಾಡಿದ ಸಾಲಿಗೆಲ್ಲ ಕಪ್ಪು ಶಾಯಿ ಬಳಿದು ಕೊಟ್ಟಿದ್ದಾರೆ. ಈಗ ಓದಿದರೆ ಊರಲ್ಲಿ ಯಾರಿಗೂ ದುಃಖವೇ ಇರಲಿಲ್ಲ!"

"ನನಗೆ ಸಹಾಯ ಆಗಲಿ ಅಂತ ಒಬ್ಬರು ಕೆರೆಗೆ ಸುಣ್ಣ ಹಾಕಿ ಕ್ಲೀನ್ ಮಾಡಿದ್ರು," ಎಂದಳು ಜಿಷ. "ಕೆರೆ ಈಗ ಭಾರೀ ಚಂದ. ಕಪ್ಪೆ ಮಾತ್ರ ಇಲ್ಲ."

ಶ್ರುತಿ ಅಳುತ್ತಲೇ ನಕ್ಕಳು. ನಾನು ನಗಲಿಕ್ಕೆ ಹೋಗಿ ಅತ್ತುಬಿಟ್ಟೆ. ಅವಳ ಒಂದು ವರ್ಷ ಹೋದದ್ದು ಹೋಯಿತು. ಮುಂದಿನ ಹಲಸಿನವರೆಗೆ ಕಾಯದೆ ಬೇರೆ ದಾರಿ ಇರಲಿಲ್ಲ.

ಹಲಸು ಬಂತು. ಶ್ರುತಿಯೂ ಸೊಳೆ ತುಂಬಿದ ಹೊಸ ಭರಣಿ ಹಿಡಿದು ಬಂದಳು. ಎರಡೂ ಕೈ ಹಿಂದೆ ಕಟ್ಟಿಕೊಂಡು, ಒಳ್ಳೆಯ ವಿದ್ಯಾರ್ಥಿನಿಯಂತೆ ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ನನ್ನನ್ನು ದಾಟಿ, ನಮ್ಮವರು ಪೇಪರ್ ಓದುವ ಕೋಣೆಗೆ ಹೋದಳು.

"ಮಾವ, ಇದು ನಿಮ್ಮ ಮೇಜಿನ ಅಡಿಯಲ್ಲಿ ಇರಲಿ."

"ನಾನು ಎಂತ ಮಾಡಬೇಕು?"

"ಎಂತದೂ ಮಾಡಬೇಡಿ."

"ಅಷ್ಟೇಯಾ?"

ಬಿದ್ದದ್ದನ್ನು ಎತ್ತುವುದಿಲ್ಲ, ತೆರೆದದ್ದನ್ನು ಮುಚ್ಚುವುದಿಲ್ಲ, ಕಣ್ಣೆದುರಿನ ಧೂಳು ಕಾಣುವುದಿಲ್ಲ. ಯಾವ ಗುಣಕ್ಕೆ ಮದುವೆಯಾದಂದಿನಿಂದ ನಾನು ಇವರನ್ನು ಬೈದೆನೋ, ವಿಜ್ಞಾನ ಅದೇ ಗುಣವನ್ನು ಹುಡುಕಿಕೊಂಡು ನಮ್ಮ ಮನೆಗೆ ಬಂದಿತ್ತು!

ಮೊನ್ನೆ ಶ್ರುತಿ ಬಂದು ಭರಣಿ ತೆರೆದಳು. ಕೆನೆಯಂತೆ ದಪ್ಪ ಪೊರೆ. ಶ್ರುತಿ ಕುಣಿಯುವುದೊಂದು ಬಾಕಿ.

"ಮಾವ, ಎಷ್ಟು ಚಂದ ನೋಡಿಕೊಂಡಿದ್ದೀರಿ!"

ಪೇಪರಿನ ಹಿಂದಿನಿಂದ ಉತ್ತರ ಬಂತು: "ಯಾವುದನ್ನು?"

ಅವಳ ಪ್ರಬಂಧದಲ್ಲಿ ನಮ್ಮಿಬ್ಬರ ಹೆಸರೂ ಬರುತ್ತದಂತೆ. ಅವರದ್ದು ಕೃತಜ್ಞತೆಯ ಪುಟದಲ್ಲಿ. ನನ್ನದು, 'ಎದುರಾದ ಅಡಚಣೆಗಳು' ಎಂಬಲ್ಲಿ!