ಆಬಾಸಾಹೇಬರ ಪುಕ್ಕಟೆ ಸುದ್ದಿ

ಆಬಾಸಾಹೇಬರು ತೀರಿಕೊಳ್ಳುವ ಹಿಂದಿನ ದಿನ ಗಂಡಹೆಂಡತಿ ಜಗಳಾಡಿದ್ದು ಒನಕೆಯ ಸಲುವಾಗಿ. ದೊಡ್ಡ ಜಗಳವೇನಲ್ಲ. ಊಟ ಬಿಡುವಂಥದ್ದೂ ಅಲ್ಲ. ದಿನಾ ಆಡುವಂಥದ್ದು.

"ತೆಳಗಿಂದು ಮ್ಯಾಲ ಮಾಡಿ ಹಿಡಿದೀರಿ," ಎಂದಳು ಗಂಗೂಬಾಯಿ.

"ಫೋಟೋದಾಗ ಯಾರಿಗಿ ತಿಳೀತೈತ್ಬೇ?"

"ಕುಟ್ಟೋರಿಗಿ ತಿಳೀತೈತ್ರಿ."

"ಕುಟ್ಟೋರು ಪೇಪರ್ ಓದಂಗಿಲ್ಲ. ಪೇಪರ್ ಓದೋರು ಕುಟ್ಟಂಗಿಲ್ಲ. ಸುಮ್ನ ನನ್ನ ಫೇಟಾ ಸರಿ ಮಾಡು."

ತಲೆಗೆ ಕೇಸರಿ ಫೇಟಾ ಸುತ್ತಿಕೊಂಡು, ಶೇಡಬಾಳದ ತಮ್ಮ ಶೇಂಗಾಚಟ್ನಿ ಅಂಗಡಿಯಲ್ಲಿ, ಒರಳಿನ ಮುಂದೆ ಅವರು ಯುದ್ಧ ಗೆದ್ದು ಬಂದ ಸರದಾರನಂತೆ ನಿಂತಿದ್ದರು. ಒನಕೆ ಮುಟ್ಟಿದ್ದು ಅಂದೇ ಮೊದಲು. ಬೆಳ್ಳುಳ್ಳಿ ಹಾಕದ ಆ ಜೈನ ಚಟ್ನಿಯನ್ನು ಹುರಿದು, ಕುಟ್ಟಿ, ಡಬ್ಬಿ ತುಂಬುವವಳು ಗಂಗೂಬಾಯಿ. ಗಿರಾಕಿಗಳ ಜೊತೆ ಮಾತಾಡುವವರು ಆಬಾಸಾಹೇಬರು. (ಮಾತಿಗೂ ದಣಿವಾಗುತ್ತದೆಂದು ಮಧ್ಯಾಹ್ನ ಮಲಗುತ್ತಿದ್ದರು.)

ಅವರ ಜೀವಮಾನದ ಮಹದಾಕಾಂಕ್ಷೆ ಒಂದೇ. ಪೇಪರಿನಲ್ಲಿ ಅಂಗಡಿಯ ಸುದ್ದಿ ಬರಬೇಕು, ಅದೂ ಪುಕ್ಕಟೆ. ಜಾಹೀರಾತು ಅಂದರೆ ಎದೆಯುರಿ. ಅದಕ್ಕೆಂದೇ ಕಾಗವಾಡ, ಐನಾಪುರ ಎನ್ನದೆ ಎಲ್ಲೆಲ್ಲಿ ಸತ್ಕಾರ ಸಮಾರಂಭವೋ ಅಲ್ಲಲ್ಲಿ ಹೋಗಿ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದರು. ಮರುದಿನ ಪೇಪರಿನಲ್ಲಿ ದೊಡ್ಡವರ ಹೆಸರೆಲ್ಲ ಮುಗಿದ ಮೇಲೆ 'ಮತ್ತಿತರರು ಉಪಸ್ಥಿತರಿದ್ದರು' ಎಂದಿರುತ್ತಿತ್ತು. "ಈ ಮತ್ತಿತರರು ಅಂದ್ರ ನಾನ," ಎಂದು ಬೆರಳಿಟ್ಟು ತೋರಿಸುತ್ತಿದ್ದರು.

ಕಡೆಗೆ ಅಂದು ವಿಕ್ರಾಂತ ಎಂಬ ವರದಿಗಾರನನ್ನು ಅಂಗಡಿಗೇ ಎಳೆದು ತಂದಿದ್ದರು. ಅವನು ಫೋಟೋ ಹೊಡೆದ. ಚಟ್ನಿ ರೊಟ್ಟಿ ತಿಂದ. ಕೈ ತೊಳೆದುಕೊಂಡು ಹೇಳಿದ:

"ಸುದ್ದಿ ಬರಬೇಕಂದ್ರ ಏನರ ಘಟನಾ ಆಗಬೇಕ್ರಿ ಕಾಕಾ. ಸುಮ್ನ ಅಂಗಡಿ ಐತಿ ಅಂದ್ರ ಹೆಂಗ ಹಾಕೂದು?"

"ಆಗತೈತಿ ತಗೋ, ಗಡಿಬಿಡಿ ಯಾಕ?" ಎಂದರು ಆಬಾಸಾಹೇಬರು.

ಮರುದಿನ ನಸುಕಿನಲ್ಲಿ ಚಹಾ ಕೇಳಿದರು. ಚಹಾ ತರುವಷ್ಟರಲ್ಲಿ ಇರಲಿಲ್ಲ.

ಸಾವಿನ ಸುದ್ದಿಗೆ ಪೇಪರಿನವರು ದುಡ್ಡು ತೆಗೆದುಕೊಳ್ಳುವುದಿಲ್ಲ. ವಿಕ್ರಾಂತ ಫೋನು ಮಾಡಿ ವಿವರ ಕೇಳಿದ. ಅಂಥ ವಿವರ ಹೇಳುವುದು ಕಟ್ಟೆಯ ಮೇಲೆ ಕೂತ ಗಂಡಸರ ಕೆಲಸ. ಒಳಗೆ ಮೂಲೆಯಲ್ಲಿ ಕೂತವಳನ್ನು ಯಾರು ಕೇಳಬೇಕು? ಮೈದುನ ಭಾವುಸಾಹೇಬ ಫೋನು ಹಿಡಿದ. ಅವನಿಗೆ ಚಟ್ನಿಯ ಬಗ್ಗೆ ಗೊತ್ತಿದ್ದದ್ದು ತಿನ್ನುವುದಷ್ಟೇ.

"ಬರ್ಕೋಳಪಾ. ಚಟ್ನಿ ಅಂದ್ರ ಆಬಾಣ್ಣ, ಆಬಾಣ್ಣ ಅಂದ್ರ ಚಟ್ನಿ. ಅವನ ಕೈಯಾಗ ಇತ್ತು ರುಚಿ. ಅವನ ಕೂಡ ಹೋತು."

ವಿಕ್ರಾಂತ ಬರೆದುಕೊಂಡ. ಅಚ್ಚಾಯಿತು. ಫೇಟಾ ಸಮೇತ ಫೋಟೋ. ಒನಕೆ ತಲೆಕೆಳಗಾಗಿಯೇ ಇತ್ತು. 'ಸ್ವಹಸ್ತದಿಂದ ಕುಟ್ಟಿದ ಚಟ್ನಿಯಿಂದ ಮನೆಮಾತಾಗಿದ್ದ ಆಬಾಸಾಹೇಬರ ಅಗಲಿಕೆಯಿಂದ ಆ ಅಪೂರ್ವ ರುಚಿ ಶಾಶ್ವತವಾಗಿ ನಿಂತಂತಾಗಿದೆ. ರಕ್ಷಾ (ಚಿತಾಭಸ್ಮ) ವಿಸರ್ಜನೆ ಗುರುವಾರ ಬೆಳಗ್ಗೆ.'

ಗಂಗೂಬಾಯಿ ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಅತ್ತಳು. ನಡುವೆ ಒನಕೆ ನೋಡಿ ಒಮ್ಮೆ ನಕ್ಕಳು. (ಸುತ್ತ ಕೂತ ಹೆಂಗಸರು ದುಃಖ ತಲೆಗೇರಿತೆಂದು ನೀರು ಕುಡಿಸಿದರು.)

ಸೂತಕ ಕಳೆದು ಅಂಗಡಿ ತೆಗೆದಳು. ಆ ಅಂಗಡಿ ಬಿಟ್ಟರೆ ಅವಳಿಗೆ ಬೇರೆ ಹೊಟ್ಟೆಪಾಡಿಲ್ಲ. ಎಂದಿನಂತೆ ಕುಟ್ಟಿ ಡಬ್ಬಿ ತುಂಬಿಟ್ಟಳು. ಒಬ್ಬರೂ ಬರಲಿಲ್ಲ. ದಿನಾ ಒಯ್ಯುತ್ತಿದ್ದ ಖಾನಾವಳಿಯ ಶಾಂತಿನಾಥ ಕೂಡ ಎದುರಿಗೇ ನಡೆದು ಹೋದ. ಕೂಗಿ ಕರೆದಳು.

"ಚಟ್ನಿ ಬ್ಯಾಡೇನೋ?"

"ಪೇಪರ್‌ದಾಗ ಬಂದೈತಲ್ರಿ ಕಾಕೂ, ರುಚಿ ನಿಂತೈತಂತ."

"ಕುಟ್ಟಾಕಿ ನಾನು. ನಾ ಅದೀನಿ. ಕುಟ್ಟೂ ಒಳ್ಳ ಇಲ್ಲೇ ಐತಿ. ನಿಂತಿದ್ದೇನು?"

"ನೀವು ಹೇಳೂದು ಖರೇನ ಇರಬಹುದ್ರಿ," ಶಾಂತಿನಾಥ ತಲೆ ತುರಿಸಿಕೊಂಡ. "ಆದ್ರ ಪೇಪರ್‌ದಾಗ ಬಂದೈತ್ರಿ."

ಗಂಗೂಬಾಯಿ ಬಸ್ಸು ಹತ್ತಿ ಕಾಗವಾಡಕ್ಕೆ ಹೋದಳು. ಮೊಬೈಲ್ ರಿಪೇರಿ ಅಂಗಡಿಯ ಮೇಲಿನ ಖೋಲಿಯಲ್ಲಿ ವಿಕ್ರಾಂತ ಕೂತಿದ್ದ. ಅವನ ಟೇಬಲ್ಲಿನ ಮೇಲೆ ಚಟ್ನಿ ಡಬ್ಬಿ ಕುಕ್ಕಿದಳು.

"ತಿನ್ನು."

ತಿಂದ. "ಭಾರಿ ಐತ್ರಿ ಕಾಕೂ. ಕಾಕಾ ಇದ್ದಾಗ ಕುಟ್ಟಿದ್ದೇನ್ರಿ?"

"ಇವತ್ತ ಮುಂಜಾನೆ ನಾ ಕುಟ್ಟಿದ್ದು. ಮೊದಲಿಂದೂ ನಾನ ಕುಟ್ಟಿದ್ದು. ತಪ್ಪಾಗೈತಿ ಅಂತ ಹಾಕು."

"ಸತ್ತೋರ ಸುದ್ದಿಗಿ ತಿದ್ದುಪಡಿ ಹಾಕಿದ್ರ, ಕಾಕಾ ಎದ್ದು ಬಂದ್ರು ಅಂತ ತಿಳೀತಾರ್ರಿ ಮಂದಿ."

"ಹಂಗಾರ ನಾ ಕುಟ್ತೀನಿ ಅಂತ ಹಾಕು."

"ಹೆಂಗಸರು ಕುಟ್ಟೂದು ಸುದ್ದಿ ಅಲ್ರಿ. ಮನಿಮನಿಗಿ ಕುಟ್ಟತಾರ. ಗಂಡಸು ಕುಟ್ಟಿದ್ದ ಅಂತನ ಅದು ಸುದ್ದಿ ಆತು." ಅಷ್ಟು ಹೇಳಿ ಅವಳ ಮುಖ ನೋಡಿದ. ಪಾಪ, ಕೆಟ್ಟ ಹುಡುಗನಲ್ಲ. "ಇರ್ರಿ, ಏನರ ಮಾಡೂಣು. ನಾಳೆ ಬರ್ತೀನಿ."

ಬಂದ. ಅವಳು ಕುಟ್ಟುವುದನ್ನು ಆ ಕಡೆಯಿಂದ, ಈ ಕಡೆಯಿಂದ ಮೊಬೈಲಿನಲ್ಲಿ ಹಿಡಿದ. ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಎಲ್ಲವನ್ನೂ ಬರೆದುಕೊಂಡ. ಮರುದಿನ ಅರ್ಧ ಪುಟದ ಸುದ್ದಿ. ಕಾಸು ಖರ್ಚಿಲ್ಲ. ಮೇಲೆ ದಪ್ಪ ಅಕ್ಷರದಲ್ಲಿ ಹೀಗಿತ್ತು:

'ಪತಿಯಿಂದ ಕಲಿತ ಚಟ್ನಿ ಉಳಿಸಿದ ಪತ್ನಿ!'

ಗಂಗೂಬಾಯಿ ಪೇಪರನ್ನು ಮುದ್ದೆ ಮಾಡಿ ಎಸೆಯಬೇಕೆಂದಿದ್ದಳು. ಎಸೆಯಲು ಪುರಸೊತ್ತಾಗಲಿಲ್ಲ. ಬಾಗಿಲ ಮುಂದೆ ಮಂದಿ ನಿಂತಿತ್ತು. ಚಿಕ್ಕೋಡಿಯಿಂದ ಒಬ್ಬರು, ಅಥಣಿಯಿಂದ ಇಬ್ಬರು. ಶಾಂತಿನಾಥ ಎಲ್ಲರಿಗಿಂತ ಮುಂದೆ. ಮೈದುನ ಭಾವುಸಾಹೇಬ ಚಿಟಿಕೆ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ನ್ಯಾಯಾಧೀಶನಂತೆ ತೀರ್ಪು ಕೊಟ್ಟ.

"ಛಲೋ ಐತ್ರಿ ವೈನಿ. ಆಬಾಣ್ಣನ ಚಟ್ನಿ ಹಂಗ ಐತಿ. ಖಾರ ಥೋಡೆ ಕಮ್ಮಿ. ಇರಲಿ, ಕಲೀತೀರಿ."

ಗಂಗೂಬಾಯಿ ಒಳಗೆ ಹೋಗಿ ಅದೇ ಒರಳಿನಲ್ಲಿ ಉಳಿದಿದ್ದ ಅದೇ ಚಟ್ನಿಯನ್ನು ಬೇರೆ ಡಬ್ಬಿಗೆ ತುಂಬಿ ತಂದಿಟ್ಟಳು.

"ಇದು ಅವರದು. ತಿನ್ರಿ."

ಭಾವುಸಾಹೇಬ ತಿಂದ. ಅವನ ಕಣ್ಣು ತುಂಬಿ ಬಂದವು. "ಇದು! ಇದು ಆಬಾಣ್ಣಂದು! ಎಲ್ಲಿಟ್ಟಿದ್ರಿ ಇದನ್ನ?"

"ಭಾವೂಜಿ, ಎರಡೂ ಒಂದ ಒಳ್ಳಿಂದು. ಈಗ ತುಂಬೀನಿ."

"ನನಗ ಹೇಳ್ತೀರೇನು? ನನಗ ನಾಲಿಗಿ ಇಲ್ಲೇನ್ರಿ?"

ಮಂದಿಯೆಲ್ಲ ಆ ಡಬ್ಬಿಗೇ ಕೈ ಚಾಚಿತು. ಎಲ್ಲರಿಗೂ ಹೇಳಿದಳು. ಇವತ್ತಿಗೂ ಹೇಳುತ್ತಾಳೆ. ಕಾಕೂ ಮಷ್ಕಿರಿ ಮಾಡ್ತಾರ ಎಂದು ನಕ್ಕು, ಇದು ಅವರದು, ಅದು ಇವರದು ಎಂದು ಇಬ್ಬಗೆ ಮಾಡಿ ತಿಂದು ನೋಡುತ್ತಾರೆ. ಅವಳದು ಯಾವಾಗಲೂ ಥೋಡೆ ಕಮ್ಮಿಯೇ.

ಮೊದಮೊದಲು ಸಿಟ್ಟು ಬರುತ್ತಿತ್ತು. ಈಗಿಲ್ಲ. ಅಂಗಡಿ ನಿಂತಿದೆ. ಒಲೆ ಉರಿಯುತ್ತಿದೆ. ವಿಕ್ರಾಂತನಿಗೆ ಕೈಯೆತ್ತಿ ಒಳ್ಳೆಯದಾಗಲಿ ಅನ್ನುತ್ತಾಳೆ, ಭಾವುಸಾಹೇಬನ ನಾಲಿಗೆಗೂ ಅನ್ನುತ್ತಾಳೆ. ಗಂಡ ಹೋದ ಮನೆಗೆ ಬಂದವರು ಹೋದವನ ಹೆಸರೆತ್ತಲು ಹೆದರುತ್ತಾರೆ. ಅವಳ ಅಂಗಡಿಯಲ್ಲಿ ಬೆಳಗಿನಿಂದ ಹೊತ್ತು ಮುಳುಗುವ ತನಕ ಆ ಹೆಸರು ಕೂಗಿ ಕೂಗಿ ಕೇಳುತ್ತಾರೆ. ಇಂಥ ಭಾಗ್ಯ ಯಾವ ವಿಧವೆಗುಂಟು?

ಯಾವುದು ಯಾವ ಡಬ್ಬಿ ಎಂದು ಗೊತ್ತಾಗಲೆಂದು ಗಿರಾಕಿಗಳು ಹಟ ಹಿಡಿದದ್ದಕ್ಕೆ ಒಂದರ ಮುಂದೆ ಶಾಲೆ ಮಕ್ಕಳು ಬರೆಯುವಂಥ ಪಾಟಿ ಇಟ್ಟಿದ್ದಾಳೆ. ಮಂದಿಯ ತೋಳು ತಾಗಿ ಸಂಜೆಯೊಳಗೆ ಅಕ್ಷರ ಅಳಿಸಿ ಹೋಗುತ್ತವೆ. ಗಂಡನ ಹೆಸರನ್ನು ಹೆಂಡತಿ ಬಾಯಿಂದ ಅನ್ನಬಾರದು. ಲಗ್ನವಾದ ಮೇಲೆ ಅವಳು ಒಮ್ಮೆಯೂ ಅಂದವಳಲ್ಲ. ಬರೆಯಬಾರದೆಂದು ಯಾರೂ ಹೇಳಿಲ್ಲ. ದಿನಾ ಬೆಳಗ್ಗೆ ಕುಟ್ಟುವುದು ಮುಗಿದ ಮೇಲೆ ಕೈ ತೊಳೆದು, ಒದ್ದೆ ಅರಿವೆಯಿಂದ ಪಾಟಿ ಒರೆಸಿ, ಬಳಪ ಹಿಡಿದು ಅವರ ಹೆಸರು ಬರೆಯುತ್ತಾಳೆ. ಅಕ್ಷರ ಸೊಟ್ಟ. ಒಣಗಲು ಬಿಟ್ಟು, ಬಾಗಿಲು ತೆಗೆಯುತ್ತಾಳೆ.