ಬಕೆಟ್ಟಿನ ನೀರಿಗೆ ಸೀಳಿದ ಬಿಳಿ ಬಳೆಯವರಿಗೆ

ಮಾನ್ಯ ಫೆರೂಲ್ ಮಹೋದಯರೇ,

ಪೂಲ್ ಆಟದ ಕೋಲಿನ ತುದಿಯಲ್ಲಿ, ಚರ್ಮದ ಟಿಪ್ಪಿಗೆ ಕೆಳಗೂ ಮರಕ್ಕೆ ಮೇಲೂ, ಒಂದಿಂಚು ಎತ್ತರದ ಬಿಳಿ ಬಳೆಯಾಗಿ ವಿರಾಜಿಸುತ್ತ, ಪ್ರತಿ ಹೊಡೆತದ ಪೆಟ್ಟನ್ನು ತಾವೇ ಸ್ವೀಕರಿಸಿ ಮರವನ್ನು ಕಾಯುವುದಾಗಿ ಮಾತು ಕೊಟ್ಟಿದ್ದ ತಮಗೆ, ಸದ್ಯ ತಾವು ಎರಡು ಹೋಳಾಗಿರುವುದರಿಂದ, ಹೊಳಲ್ಕೆರೆಯಿಂದ ಎರಡು ನಮಸ್ಕಾರಗಳು.

ಕಳೆದ ಮಂಗಳವಾರ ಮಧ್ಯಾಹ್ನ ತಾವು ಹಿರಿಯೂರಿನ ಒಂದು ಮನೆಯ ಬಚ್ಚಲಿನಲ್ಲಿ ಉದ್ದಕ್ಕೆ ಸೀಳಿದ್ದೀರಿ. ಇದನ್ನು ಫೋನಿನ ಮೂಲಕ ವರದಿ ಮಾಡಿದವರು ಆ ಮನೆಯ ಹಿರಿಯರಾದ ಜಯಕ್ಕನವರು. ಅವರ ಹೇಳಿಕೆಯನ್ನು ಒಂದಕ್ಷರವೂ ಬದಲಿಸದೆ ಕೊಡುವುದು ನನ್ನ ಕರ್ತವ್ಯ: "ಏನಪ್ಪ ಮೋಹನಾ, ನಿನ್ನ ಕೋಲಿನ ಬಳೆ ಸೀಳೈತೆ. ನಾನೇನೂ ಮಾಡಿಲ್ಲ, ಬರೀ ನೀರ್ನಾಗೆ ನಿಲ್ಸಿದ್ದೆ."

ಆ ಕೋಲು ಜಯಕ್ಕನವರ ಸೊಸೆ ರಂಜಿತಾ ಅವರದು. ಹಗಲು ಕನ್ನಡಕದ ಅಂಗಡಿಯಲ್ಲಿ ಕೆಲಸ, ಸಂಜೆ ತಗಡು ಚಾವಣಿಯ ಪೂಲ್ ಕೇಂದ್ರದಲ್ಲಿ ಅಭ್ಯಾಸ, ಜಿಲ್ಲಾ ಮಹಿಳಾ ತಂಡದ ಆಯ್ಕೆಗೆ ಈ ಸಲ ಮೊದಲ ಬಾರಿ ಕರೆ. ಆ ಕೋಲನ್ನು ಕಡೆದು ಕೊಟ್ಟವನು ನಾನು. ಮಂಚದ ಕಾಲು ಮತ್ತು ಒನಕೆಗಳನ್ನು ಕಡೆಯುತ್ತಿದ್ದ ನಮ್ಮ ಲೇತಿನಲ್ಲಿ ಈಗ ಪೂಲ್ ಕೋಲುಗಳೂ ತಯಾರಾಗುತ್ತವೆ ಎಂಬುದು ತಮಗೆ ತಿಳಿದೇ ಇದೆ. ತಾವು ಅಲ್ಲಿಯೇ ನೇಮಕಗೊಂಡವರು.

ಆ ನೇಮಕಾತಿಯನ್ನು ನೆನಪಿಸಲು ಅಪ್ಪಣೆ ಕೊಡಬೇಕು. ಅಂದು ನನ್ನ ಮೇಜಿನ ಮೇಲೆ ಮೂವರು ಅಭ್ಯರ್ಥಿಗಳಿದ್ದಿರಿ. ಹಿತ್ತಾಳೆಯವರು ಗಟ್ಟಿಮುಟ್ಟಾಗಿದ್ದರು, ಆದರೆ ಭಾರ. ಬಟ್ಟೆಯ ಪದರಗಳನ್ನು ರಾಳದಲ್ಲಿ ಒತ್ತಿ ಮಾಡಿದ ಫೈಬರಿನವರು ದಪ್ಪ ಗೋಡೆಯವರು, ಒಳಗೆ ತಿರುಪಿನ ಥ್ರೆಡ್ ಇದ್ದವರು, ತಲೆಯ ಮೇಲೆ ಟೋಪಿಯಂತೆ ಮುಚ್ಚಿಕೊಂಡಿದ್ದವರು. ಬಣ್ಣ ಮಾತ್ರ ಹಳೆಯ ಹಲ್ಲಿನದು. ತಾವೋ ತೆಳುವು, ಹಗುರ, ಎರಡೂ ಕಡೆ ತೆರೆದವರು, ಹಾಲಿಗಿಂತ ಬಿಳಿ. ಕೋಲಿನ ತುದಿ ಹಗುರವಾಗಿದ್ದಷ್ಟೂ ನಡುವಿಗಲ್ಲದೆ ಬದಿಗೆ ತಾಗುವಂತೆ ಹೊಡೆದ ಚೆಂಡೂ ದಾರಿ ತಪ್ಪದೆ ಹೋಗುತ್ತದೆ ಎಂಬ ಕಾರಣಕ್ಕೆ ತಮ್ಮನ್ನು ಆರಿಸಲಾಯಿತು. ಬಿಗಿಯಾಗಿ ಒತ್ತಿದರೆ ಸಾಕು, ಅಂಟು ತೆಳ್ಳಗಿದ್ದರೂ ಜೀವಮಾನವೆಲ್ಲ ಬಾಳುವಿರೆಂದು ತಮ್ಮ ಡಬ್ಬಿಯ ಮೇಲೆ ಅಚ್ಚಾಗಿತ್ತು. ಅಚ್ಚಾದುದನ್ನು ನಂಬುವ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ.

ಮರದ ತುದಿಯನ್ನು ಸಣ್ಣಗೆ ಕಡೆದು ಒಂದು ಕೊರಳು ಮಾಡಿ, ಆ ಕೊರಳಿಗೆ ತಮ್ಮನ್ನು ತೊಡಿಸಿದೆ. ಕೊರಳು ತೀರ ಸಣ್ಣಗಾದರೆ ಮರ ಮುರಿಯುತ್ತದೆ, ದಪ್ಪಗಾದರೆ ತಮ್ಮ ಗೋಡೆ ತೆಳ್ಳಗಾಗುತ್ತದೆ. ಇಬ್ಬರಲ್ಲಿ ಒಬ್ಬರು ಬಿಟ್ಟುಕೊಡಬೇಕಾಗಿತ್ತು, ತಾವು ದೊಡ್ಡ ಮನಸ್ಸಿನಿಂದ ಬಿಟ್ಟುಕೊಟ್ಟಿರಿ. ಹಿರಿಯೂರಿನ ಬೇಸಿಗೆಯಲ್ಲಿ, ತಗಡಿನ ಕೆಳಗೆ ಮರ ಒಣಗಿ ಕುಗ್ಗಿತು. ಆ ತೆಳ್ಳನೆಯ ಅಂಟೂ ಕೈಬಿಟ್ಟಿತು. ತಾವು ಮದುವೆಗೆ ಬಂದ ನೆಂಟರಂತೆ ಇದ್ದಲ್ಲೇ ತಿರುಗಾಡತೊಡಗಿದಿರಿ.

ಇಲ್ಲಿ ಜಯಕ್ಕನವರ ಪ್ರವೇಶವಾಗುತ್ತದೆ. ಸೊಸೆ ಪೂಲ್ ಆಡುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ಗೋಡೆಗೆ ಒರಗಿಸಿಟ್ಟ ಕೋಲನ್ನು ಮುಟ್ಟದೆ ಅದರ ಸುತ್ತ ಮಾತ್ರ ಕಸ ಗುಡಿಸುತ್ತಿದ್ದರಂತೆ. ಆ ಮೂಲೆಯಲ್ಲಿ ಒಂದು ಹಿಡಿ ಧೂಳು ಗೌರವಪೂರ್ವಕವಾಗಿ ಉಳಿಯುತ್ತಿತ್ತಂತೆ. ಮಂಗಳವಾರ ಸೊಸೆ ಅಂಗಡಿಗೆ ಹೋದ ಮೇಲೆ ಅವರು ಅದನ್ನು ಮೊದಲ ಸಲ ಕೈಗೆತ್ತಿಕೊಂಡರು. ಬಳೆ ಸಡಿಲವಾಗಿರುವುದನ್ನು ಕಂಡರು. ಧರ್ಮಪುರದ ತವರಿನಲ್ಲಿ ಶೇಂಗಾ ಪುಡಿ ಕುಟ್ಟಿ ಬೆಳೆದವರಿಗೆ ಸಡಿಲವಾದ ಬಳೆಗೆ ಮದ್ದು ಯಾರೂ ಹೇಳಿಕೊಡಬೇಕಾಗಿಲ್ಲ: ಒನಕೆಯ ತುದಿಯ ಕಬ್ಬಿಣದ ಬಳೆ ಸಡಿಲವಾದರೆ ಆ ತುದಿಯನ್ನು ನೀರಿನಲ್ಲಿ ನಿಲ್ಲಿಸಬೇಕು, ಮರ ಉಬ್ಬಿ ಬಳೆಯನ್ನು ಹಿಡಿಯುತ್ತದೆ. ಅವರು ತಮ್ಮನ್ನು ಬಕೆಟ್ಟಿನಲ್ಲಿ ತಲೆಕೆಳಗಾಗಿ ನಿಲ್ಲಿಸಿ, ಕೋಲು ಜಾರದಂತೆ ಗೋಡೆಗೆ ಒಂದು ಗೋಣಿಚೀಲವನ್ನೂ ಆನಿಸಿ, ಊಟ ಮಾಡಿ ಮಲಗಿದರು. ನೀರು ಚರ್ಮದ ಟಿಪ್ಪನ್ನು ದಾಟಿ, ತಮ್ಮ ತೆರೆದ ಬಾಯಿಯ ಮೂಲಕ ಕೊರಳಿಗೆ ಏರಿತು. ಮರ ತನ್ನ ಧರ್ಮದಂತೆ ಉಬ್ಬಿತು. ತಾವು ತಮ್ಮ ಧರ್ಮ ಬಿಟ್ಟಿರಿ.

ನಾಲ್ಕು ತಾಲ್ಲೂಕುಗಳ ಕಬ್ಬಿಣದ ಬಳೆಗಳು ತಲೆಮಾರುಗಳಿಂದ ಸಹಿಸಿಕೊಂಡು ಬಂದ ಒಂದು ಬಕೆಟ್ ನೀರನ್ನು ತಾವು ಒಂದು ಮಧ್ಯಾಹ್ನವೂ ಸಹಿಸಲಾರದೆ ಹೋದದ್ದು ಹೇಗೆ ಎಂಬುದೇ ನನ್ನ ವಿನಮ್ರ ಪ್ರಶ್ನೆ. ಒನಕೆಯ ವಿಷಯದಲ್ಲಿ ಚಿತ್ರದುರ್ಗದ ಸೀಮೆಯವರ ಜೊತೆ ವಾದಕ್ಕೆ ನಿಲ್ಲಬಾರದೆಂಬ ಸಾಮಾನ್ಯ ಜ್ಞಾನವಾದರೂ ತಮ್ಮ ಡಬ್ಬಿಯಲ್ಲಿ ಇರಬೇಕಾಗಿತ್ತು.

ಬುಧವಾರ ಅತ್ತೆ ಸೊಸೆ ಇಬ್ಬರೂ ಬಸ್ಸು ಹಿಡಿದು ನಮ್ಮ ಅಂಗಡಿಗೆ ಬಂದರು. ಜಯಕ್ಕನವರ ಮುಖ ಬಾಡಿತ್ತು. ಮರ, ನೀರು, ತೆಳು ಗೋಡೆ ಎಂದು ನಾನು ವಿವರಿಸಲು ಬಾಯಿ ತೆರೆಯುವಷ್ಟರಲ್ಲಿ ರಂಜಿತಾ ನನ್ನ ಕಣ್ಣನ್ನೇ ನೋಡುತ್ತ, "ಬಳೆದೇ ತಪ್ಪು, ಅಲ್ವೇನಣ್ಣಾ? ನೀರಿಗೆ ಸೀಳೋ ಬಳೆ ಚೆಂಡಿಗೆ ತಡೀತೈತಾ?" ಎಂದರು. ನಾನು ಯೋಚಿಸಿ ನೋಡಿದೆ. ಅದು ನಿಜವೂ ಆಗಿತ್ತು. ಹೌದಮ್ಮ, ಬಳೆಯದೇ ತಪ್ಪು ಎಂದೆ. ಜಯಕ್ಕನವರು ಅಲ್ಲಿಯವರೆಗೆ ನಿಂತೇ ಇದ್ದವರು ಸ್ಟೂಲಿನ ಮೇಲೆ ಕುಳಿತು, ನೀರು ಕೇಳಿ ಕುಡಿದು, ತೀರ್ಪು ಕೊಟ್ಟರು: "ಆ ಬಳೆಯವ್ರನ್ನ ಬಿಡಬ್ಯಾಡಪ್ಪ. ಪೇಪರ್‌ನಾಗೆ ಬರಿ. ನೀರ್ನಾಗೆ ಇಟ್ಟಿದ್ದೂ ಬರಿ, ನಾನೇನ್ ಕದ್ದು ಇಟ್ಟಿಲ್ಲ."

ಈ ಪತ್ರ ಬಹಿರಂಗವಾಗಿರುವುದು ಆ ಅಪ್ಪಣೆಯ ಮೇರೆಗೆ.

ತಮ್ಮಲ್ಲಿ ನನ್ನ ಕೋರಿಕೆಗಳು ಹೆಚ್ಚಿಲ್ಲ. ತಮ್ಮ ಕುಲದವರು ಇನ್ನು ಮುಂದೆ ಸೀಳುವ ಮುನ್ನ ಹದಿನೈದು ದಿನಗಳ ಲಿಖಿತ ಸೂಚನೆ ಕೊಡಬೇಕು, ಮತ್ತು ಆ ಸೂಚನೆ ಆಯ್ಕೆ ಪಂದ್ಯಗಳ ವಾರದಲ್ಲಿ ಬರಬಾರದು. ಸೀಳಲೇಬೇಕೆಂದಿದ್ದರೆ, ಅತ್ತೆಯೊಬ್ಬರು ಸೊಸೆಯ ಕೋಲನ್ನು ಮೊದಲ ಬಾರಿಗೆ ಮುಟ್ಟಿದ ದಿನವನ್ನು ಬಿಟ್ಟು ವರ್ಷದ ಉಳಿದ ಯಾವ ದಿನವನ್ನಾದರೂ ಆರಿಸಿಕೊಳ್ಳಬಹುದು. ತೆಳುವಾಗಿಯೇ ಇದ್ದು ದಪ್ಪಗೂ, ಹಗುರವಾಗಿಯೇ ಇದ್ದು ಗಟ್ಟಿಯಾಗಿಯೂ ಇರಲು ಸಾಧ್ಯವೇ ಎಂಬುದನ್ನು ದಯವಿಟ್ಟು ಪರಿಶೀಲಿಸಿ. ನಾವು ಪರಿಶೀಲಿಸಿದ್ದೇವೆ, ನಮ್ಮ ಕೈಲಿ ಆಗಲಿಲ್ಲ.

ತಮ್ಮ ಸ್ಥಾನಕ್ಕೆ ಆ ಬುಧವಾರವೇ ಟೋಪಿ ಹಾಕಿದ ಫೈಬರಿನವರನ್ನು ನೇಮಿಸಲಾಗಿದೆ. ಕೊರಳಿಗೆ ಥ್ರೆಡ್ ಹಾಕಿ, ಬುಡದವರೆಗೆ ಅಂಟು ತುಂಬಿ ಕೂರಿಸಿದ್ದೇನೆ. ಅದೇ ಅಳತೆಯ ಇನ್ನೊಂದನ್ನು ಚೂರು ಮರಕ್ಕೆ ಕೂರಿಸಿ, ಜಯಕ್ಕನವರ ಕೈಯಿಂದಲೇ ನಮ್ಮ ಬಕೆಟ್ಟಿಗೆ ಇಳಿಸಿದೆವು. ಮೇಲೆ ಮುಚ್ಚಿದ್ದರಿಂದ ಮರದ ತುದಿಗೆ ನೀರು ಸೋಕಲಿಲ್ಲ. ಮರುದಿನ ತೆಗೆದಾಗಲೂ ಬಳೆ ಹಾಗೆಯೇ ಇತ್ತು. ಇನ್ನು ನಮ್ಮ ಅಂಗಡಿಯಲ್ಲಿ ಈ ಪರೀಕ್ಷೆ ಪಾಸಾಗದವರಿಗೆ ಕೆಲಸವಿಲ್ಲ.

ಹಾಗೆಂದು ಎಲ್ಲವೂ ಸರಿಹೋಗಿದೆ ಎಂದು ತಾವು ನೆಮ್ಮದಿಯಾಗಿರಬೇಕಾಗಿಲ್ಲ. ಹೊಸಬರು ಭಾರದವರು. "ಚೆಂಡು ನಾನ್ ಹೇಳಿದ್ ಕಡೆ ಹೋಗ್ತಿಲ್ಲಣ್ಣಾ, ಒಂದ್ ಕೂದ್ಲು ಅತ್ಲಾಗ್ ಸರೀತೈತೆ" ಎಂದು ರಂಜಿತಾ ಗುರುವಾರ ಫೋನು ಮಾಡಿದರು. ನಾನು ಹಿರಿಯೂರಿಗೆ ಹೋಗಿ ಕೋಲು ತಂದು, ಬಳೆಯ ಎತ್ತರವನ್ನು ಅರ್ಧಕ್ಕಿಳಿಸಿ ಕೊಟ್ಟೆ. ಸರಿಯುವುದು ಕಡಿಮೆಯಾಗಿದೆ, ನಿಂತಿಲ್ಲ. ಒಂದು ಕೂದಲಿನಲ್ಲಿ ತಂಡದ ಸ್ಥಾನ ಹೋಗುವ ಆಟವಿದು. ಕೈಗೆ ಕೂತ ಗುರಿಯನ್ನು ಅವರು ಈಗ ಹೊಸದಾಗಿ ಕಲಿಯಬೇಕಾಗಿದೆ. ದಿನವೂ ಕೆಲಸ ಬಿಟ್ಟ ಮೇಲೆ ಕಲಿಯುತ್ತಿದ್ದಾರೆ. ಪೂಲ್ ಕೇಂದ್ರದ ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಜಯಕ್ಕನವರೂ ಕೂರುತ್ತಾರೆ. ಆಟ ಅವರಿಗೆ ತಿಳಿಯದು. ಚೆಂಡು ತೂತಿಗೆ ಬೀಳದಿದ್ದಾಗ ಮಾತ್ರ "ಇನ್ನೊಂದ್ಸಲ ಹೊಡಿ" ಎನ್ನುತ್ತಾರೆ ಎಂದು ಕೇಂದ್ರದವರು ತಿಳಿಸಿದ್ದಾರೆ.

ತಮ್ಮನ್ನು ಒಂದು ಕಾಲಕ್ಕೆ ಜೀವಮಾನಕ್ಕೆಂದೇ ನಂಬಿದ್ದ ವಿಶ್ವಾಸಿ,
ಮೋಹನ್‌ಕುಮಾರ್
ಪೂಲ್ ಕೋಲು ತಯಾರಕ, ಹೊಳಲ್ಕೆರೆ

ತಾ.ಕ.: ನಾನು ಕಳಿಸಿದ್ದ ದೂರಿಗೆ ತಮ್ಮ ಕಂಪನಿಯವರ ಉತ್ತರ ನಿನ್ನೆ ತಲುಪಿತು. ಬಾಳಿಕೆಯ ಭರವಸೆ 'ಸಾಮಾನ್ಯ ಬಳಕೆ'ಗೆ ಮಾತ್ರವಂತೆ. ಜಯಕ್ಕನವರ ಬಳಕೆ ಸಾಮಾನ್ಯವಾದದ್ದಲ್ಲ ಎಂಬುದನ್ನು ಅವರಿಗೆ ಎದುರಿಗೇ ತಿಳಿಸುವ ಇಚ್ಛೆ ಕಂಪನಿಯ ಯಾರಿಗಾದರೂ ಇದ್ದರೆ ಬರಬಹುದು; ಜಯಕ್ಕನವರು ಪ್ರೇಕ್ಷಕರ ಮೊದಲ ಸಾಲಿನಲ್ಲಿ ಇರುತ್ತಾರೆ. ಆಯ್ಕೆ ಪಂದ್ಯ ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಚಿತ್ರದುರ್ಗದಲ್ಲಿ.