ಉಳ್ಳಾಗಡ್ಡಿ ಮತ್ತು ಪಾಟೀಲ

ಹೆಸರು ಹೇಳಿದ ಕೂಡಲೇ ಎದುರಿನವರ ಮುಖ ಬದಲಾಗುವುದು ನನ್ನ ಪಾಲಿಗೆ ಹೊಸದೇನಲ್ಲ, ಇವತ್ತಿಗೂ ನಡೆದೇ ಇದೆ. ನನ್ನ ಅಡ್ಡಹೆಸರು ಉಳ್ಳಾಗಡ್ಡಿ. ಮುತ್ತಜ್ಜ ಕಲಬುರಗಿ ಕಡೆಯ ಸಂತೆಗಳಲ್ಲಿ ಈರುಳ್ಳಿ ಮಾರುತ್ತಿದ್ದನಂತೆ. ಸರಕು ಮುಗಿಯಿತು, ಹೆಸರು ಉಳಿಯಿತು. ಊರಲ್ಲಿದ್ದಾಗ ಅದರ ಭಾರ ಗೊತ್ತಾಗಲಿಲ್ಲ. ಪಕ್ಕದ ಮನೆಯವರು ಮೆಣಸಿನಕಾಯಿ, ಎದುರು ಮನೆಯವರು ಬೆಲ್ಲದ. ಎರಡು ಸಾವಿರದ ಮೊದಲ ವರ್ಷಗಳಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದಕ್ಕೆ, ನಾಸಿಕಕ್ಕೆ, ನನಗೆ ವರ್ಗವಾಯಿತು. ಅದೇ ದಿನ ಬೀದರದಿಂದ ಇನ್ನೊಬ್ಬರೂ ಬಂದು ಹಾಜರಾದರು. ಅವರ ಅಡ್ಡಹೆಸರು ಪಾಟೀಲ. ನನ್ನ ಹೊಟ್ಟೆಯುರಿ ಶುರುವಾದದ್ದು ಅಲ್ಲಿಂದ.

ಕುರ್ಚಿ

ಸಾಹೇಬರ ಕೋಣೆಯಲ್ಲಿ ಖಾಲಿ ಇದ್ದದ್ದು ಒಂದೇ ಕುರ್ಚಿ. "ಪಾಟೀಲ" ಎಂದು ಕಿವಿಗೆ ಬಿದ್ದದ್ದೇ ಸಾಹೇಬರು, "ಅರೆ, ನೀವು ನಮ್ಮವರೇ. ಯಾ ಯಾ, ಬಸಾ" ಎಂದು ಅವರನ್ನು ಕೂರಿಸಿದರು. ಊರಗೌಡನ ಗತ್ತಿರುವ ಹೆಸರು. ಬೀದರದಲ್ಲೂ ನಡೆಯುತ್ತದೆ, ನಾಸಿಕದಲ್ಲೂ ನಡೆಯುತ್ತದೆ.

ನನ್ನ ಹೆಸರನ್ನು ನಾನು ನಿಂತುಕೊಂಡೇ ಹೇಳಿದೆ. ಸಾಹೇಬರು ಪೆನ್ನು ಹಿಡಿದು ಮೂರು ಸಲ ಹೇಳಿಸಿದರು. ಆಮೇಲೆ ಕಣ್ಣರಳಿಸಿ, "ಉಲ್ಲಾಗಡ? ಅದು ಯಾವ ಗಡ, ಎಲ್ಲಿ ಬರುತ್ತದೆ?" ಎಂದರು. ಮರಾಠಿಯಲ್ಲಿ ಗಡ ಎಂದರೆ ಕೋಟೆ.

ಅಲ್ಲ ಸಾಹೇಬರೇ, ಅದು ಈರುಳ್ಳಿ, ಅನ್ನಬೇಕಿತ್ತು. ಅನ್ನುವವನೂ ಇದ್ದೆ. ಅಷ್ಟರಲ್ಲಿ ಕಾಲಮೇಲೆ ಕಾಲು ಹಾಕಿ ಕೂತ ಪಾಟೀಲರು ಕಣ್ಣಿಗೆ ಬಿದ್ದರು.

"ಕಲಬುರಗಿ ಕಡೆ, ಸಾಹೇಬ. ಭಾಳ ಹಳೇ ಕೋಟೆ" ಎಂದುಬಿಟ್ಟೆ.

ಹೊರಗಿನಿಂದ ಎರಡನೇ ಕುರ್ಚಿ ಬಂತು. ಅದಕ್ಕೆ ಕೈಗಳಿದ್ದವು. ಪಾಟೀಲರ ಕುರ್ಚಿಗೆ ಇರಲಿಲ್ಲ.

ಹದಿಮೂರನೇ ಸೀಟು

ಮಳೆ ಬಿತ್ತೆಂದರೆ ನಾಸಿಕದವರ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ. ಭಾನುವಾರ ಬಂದರೆ ಇಗತಪುರಿ ಕಡೆಯ ಯಾವುದಾದರೂ ಕೋಟೆ ಹತ್ತಬೇಕು. ನಮ್ಮ ಕಚೇರಿಯಲ್ಲಿ ಅಂಥವರು ಹನ್ನೊಂದು ಜನ ಇದ್ದರು, ಸಾಹೇಬರೂ ಸೇರಿ. ನನಗೆ ದಿನಾ ಒಂದೊಂದು ಪ್ರಶ್ನೆ. ಉಲ್ಲಾಗಡ ಎಷ್ಟು ಎತ್ತರ, ಫೋಟೋ ಇದೆಯಾ, ನೀರು ಸಿಗುತ್ತದಾ. ಪೂರ್ತಿ ಬಿದ್ದುಹೋಗಿದೆ ಎಂದೆ. ಬಿದ್ದ ಕೋಟೆಯೇ ನೋಡಲು ಚಂದ ಎಂದರು. ಹಾವುಗಳಿವೆ ಎಂದೆ. ನಮ್ಮ ಹತ್ತಿರ ಬೂಟುಗಳಿವೆ ಎಂದರು. ಮಾತು ದೀಪಾವಳಿ ರಜೆಗೆ ಮಿನಿಬಸ್ಸು ಗೊತ್ತುಮಾಡುವ ತನಕ ಬಂದು ನಿಂತಿತು.

ನಿಜ ಗೊತ್ತಿದ್ದವರು ಪಾಟೀಲರೊಬ್ಬರೇ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವಾಗ ಮೆಲ್ಲಗೆ ಕೇಳಿದೆ, "ಪಾಟೀಲರೇ, ಈಗೇನ್ ಮಾಡೋದ್ರಿ?"

ಅವರು ಸಾವಕಾಶವಾಗಿ ರೊಟ್ಟಿ ಮುರಿದರು. "ನಾ ಯಾರ ಮುಂದೂ ಬಾಯಿ ಬಿಡಂಗಿಲ್ರಿ. ಆದ್ರ ಬಸ್ಸಿನ್ಯಾಗ ನನಗೂ ಒಂದು ಸೀಟ್ ಹಿಡೀರಿ. ಆ ಕ್ವಾಟಿ ಹ್ಯಾಂಗದ ಅಂತ ನನಗೂ ನೋಡಬೇಕಾಗ್ಯದ."

ಘೋಟಿಯಲ್ಲಿ

ದೀಪಾವಳಿಯ ತನಕ ಕಾಯುವುದೇ ಬೇಡವಾಯಿತು. ಒಂದು ಭಾನುವಾರ ಎಲ್ಲರೂ ಇಗತಪುರಿಯಿಂದ ತೊಯ್ದು ತೊಪ್ಪೆಯಾಗಿ ಬರುವಾಗ ಘೋಟಿಯಲ್ಲಿ ಚಹಾಕ್ಕೆ ನಿಂತೆವು. ಅಲ್ಲೊಬ್ಬ ಈರುಳ್ಳಿ ವ್ಯಾಪಾರಿ ಸಾಹೇಬರ ಪರಿಚಯದವನು. ತನ್ನ ಗೋದಾಮಿನೊಳಗೆ ಕರೆದು ಕೂರಿಸಿದ. ಸಾಹೇಬರು ಅಭಿಮಾನದಿಂದ ನನ್ನ ಬೆನ್ನ ಮೇಲೆ ಕೈಯಿಟ್ಟು, "ಇವರು ಕರ್ನಾಟಕದ ಕೋಟೆಯ ಮನೆತನ. ಉಲ್ಲಾಗಡಿ" ಎಂದರು.

ವ್ಯಾಪಾರಿ ಹುಬ್ಬಳ್ಳಿ ಮಾರುಕಟ್ಟೆಗೆ ಇಪ್ಪತ್ತು ವರ್ಷ ಲಾರಿ ಕಳಿಸಿದವನು. ಅವನಿಗೆ ಬರುತ್ತಿದ್ದ ಕನ್ನಡ ಒಂದೇ ವಾಕ್ಯ. ಅದನ್ನು ನನ್ನ ಮುಖ ನೋಡಿ ಪ್ರೀತಿಯಿಂದ ಹೇಳಿದ. "ಉಳ್ಳಾಗಡ್ಡಿ ಬೇಕೇನ್ರಿ?"

ಆಮೇಲೆ ಸೂರು ಮುಟ್ಟುವ ಹಾಗೆ ಪೇರಿಸಿದ್ದ ಮೂಟೆಗಳ ಕಡೆ ಕೈ ತೋರಿಸಿ ಸಾಹೇಬರಿಗೆ ಮರಾಠಿಯಲ್ಲಿ ಬಿಡಿಸಿ ಹೇಳಿದ. "ಇವರ ಕೋಟೆ ಇದೇ, ಸಾಹೇಬ. ಹತ್ತುವುದಾದರೆ ಹತ್ತಿ."

ಹನ್ನೊಂದು ಜನ ನಕ್ಕು ನಕ್ಕು ಚಹಾ ಚೆಲ್ಲಿಕೊಂಡರು. ಸಾಹೇಬರು ಪಾಟೀಲರ ಕಡೆ ತಿರುಗಿ, "ನಿಮಗೆ ಗೊತ್ತಿತ್ತಲ್ಲ?" ಎಂದರು.

"ಗೊತ್ತಿತ್ತು. ಗೆಳೆಯರ ಕೋಟೆ ನಾನು ಹೇಗೆ ಒಡೆಯಲಿ?" ಎಂದರು ಪಾಟೀಲರು.

ವಾರವಿಡೀ ಕಚೇರಿಯಲ್ಲಿ ಅದೇ ಮಾತು. ದೊಡ್ಡ ಮನಸ್ಸಪ್ಪಾ, ಪಾಟೀಲ ಅಂದರೆ ಪಾಟೀಲನೇ. ಸುಳ್ಳು ಹೇಳಿ ಒದ್ದಾಡಿದವನು ನಾನು, ಹೆಸರು ಬಂದದ್ದು ಅವರಿಗೆ.

ಲಗ್ನಪತ್ರಿಕೆ

ನಾಲ್ಕು ವರ್ಷದ ಮೇಲೆ ಇಬ್ಬರಿಗೂ ಒಟ್ಟಿಗೇ ವರ್ಗವಾಯಿತು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರು, ಆಗ ಔರಂಗಾಬಾದ್. ಅಲ್ಲಿ ಮೊದಲ ದಿನವೇ ನನ್ನ ಹೆಸರಿನ ಅರ್ಥ ನಾನೇ ಮರಾಠಿಯಲ್ಲಿ ಹೇಳಿಬಿಟ್ಟೆ: ಕಾಂದಾ. ಯಾರೂ ನಗಲಿಲ್ಲ. ವೈಜಾಪುರದ ಗುಮಾಸ್ತರೊಬ್ಬರು, "ನಮ್ಮ ಹೊಲದ ತುಂಬ ನೀವೇ ಇದ್ದೀರಿ" ಎಂದು ಕೈ ಕುಲುಕಿದರು.

ತೊಂದರೆಯಾದದ್ದು ಪಾಟೀಲರಿಗೆ. ಆ ಕಚೇರಿಯಲ್ಲಿ ಮೊದಲೇ ಐದು ಜನ ಪಾಟೀಲರಿದ್ದರು. ಉದ್ದ ಪಾಟೀಲ, ಚಷ್ಮಾ ಪಾಟೀಲ, ಬುಲೆಟ್ ಗಾಡಿಯ ಪಾಟೀಲ, ಹೀಗೆ. ಆರನೆಯವರನ್ನು ಗುರುತಿಸಲು ಏನಾದರೂ ಬೇಕಲ್ಲ. ಕೂರುತ್ತಿದ್ದದ್ದು ನನ್ನ ಪಕ್ಕದ ಟೇಬಲ್ಲಿನಲ್ಲಿ. ಕಾಂದಾ ಪಾಟೀಲ ಎಂದಾದರು.

ಒಂದು ಸಂಜೆ ಅವರ ಹೆಂಡತಿ ನಮ್ಮ ಮನೆಗೆ ಬಂದರು. "ಫೋನ್ ಬಂದಿತ್ರಿ. ಕಾಂದಾ ಪಾಟೀಲ ಅದಾರೇನು ಅಂತ ಕೇಳಿದ್ರು. ಇದ್ಯಾಕ್ರಿ ಹಿಂಗ?" ನನ್ನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದವಳು ಹೊರಗೆ ಬರಲೇ ಇಲ್ಲ. ಆ ರಾತ್ರಿ ನಾನು ನೆಮ್ಮದಿಯಾಗಿ ಮಲಗಿದೆ. ಆ ನೆಮ್ಮದಿ ಒಂದು ತಿಂಗಳು ಬಾಳಿತು.

ವೈಜಾಪುರದ ಗುಮಾಸ್ತರ ಮಗಳ ಮದುವೆ ಬಂತು. ಎಲ್ಲರ ಟೇಬಲ್ ಮೇಲೂ ಪತ್ರಿಕೆ ಇತ್ತು, ನನ್ನದರ ಮೇಲೆ ಇರಲಿಲ್ಲ. ಪಾಟೀಲರ ಲಕೋಟೆ ಬಗ್ಗಿ ನೋಡಿದೆ. ಚಂದದ ಅಕ್ಷರದಲ್ಲಿ, "ಶ್ರೀಮಾನ್ ಕಾಂದಾ ಪಾಟೀಲ, ಸಹಕುಟುಂಬ" ಎಂದು ಬರೆದಿತ್ತು. ಮುತ್ತಜ್ಜ ತಲೆಯ ಮೇಲೆ ಬುಟ್ಟಿ ಹೊತ್ತು ಗಳಿಸಿದ ಹೆಸರು. ಅದಕ್ಕೂ ಇವರೇ ಬೇಕಾಗಿತ್ತೇ?

ತಡೆಯಲಾಗದೆ ಗುಮಾಸ್ತರನ್ನು ಕೇಳಿದೆ, "ನನಗೆ ಕರೆ ಇಲ್ಲವೇನ್ರಿ?"

ಅವರಿಗೆ ಆಶ್ಚರ್ಯ. "ಬರೆದಿದ್ದೇನಲ್ಲ ಸಾಹೇಬ, ಅದೇ ಲಕೋಟೆಯ ಮೇಲೆ. ಕೆಳಗೆ ನೋಡಿ" ಎಂದರು.

ಕನ್ನಡಕ ಹಾಕಿಕೊಂಡು ನೋಡಿದೆ. ಮೂಲೆಯಲ್ಲಿ ಸಣ್ಣದಾಗಿ ಬರೆದಿತ್ತು, "ಮತ್ತು ಅವರ ಪಕ್ಕದ ಟೇಬಲ್ಲಿನವರು."